ಕ್ರಿಯಾಟಿನಿನ್ ಸರಿಯಿದೆ ಎಂದ ಮಾತ್ರಕ್ಕೆ ಮೂತ್ರಪಿಂಡ ಸರಿಯಿದೆಯೇ?

ಹೊಂಗೆನೆರಳು:

ನನ್ನ ಅಣ್ಣನಿಗೆ ಈಗ 54 ವರ್ಷ. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಹನ್ನೊಂದು ವರ್ಷಗಳಾದವು. ಅವನು ಆರೋಗ್ಯವನ್ನು ಅಲಕ್ಷ್ಯ ಮಾಡುವ ಮನುಷ್ಯನಲ್ಲ. ವರ್ಷಕ್ಕೊಮ್ಮೆ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿ, ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಒಂದು ಕಡತದಲ್ಲಿ ಜೋಡಿಸಿಟ್ಟುಕೊಂಡವನು. ಆ ವರದಿಗಳಲ್ಲಿ, ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ಎಂಬ ಸಾಲಿನ ಎದುರು ಪ್ರತಿ ಬಾರಿಯೂ ಸಾಮಾನ್ಯ ಮಿತಿಯೊಳಗಿನ ಅಂಕಿಯೇ ಇರುತ್ತಿತ್ತು. ಕಿಡ್ನಿಗೆ ಏನೂ ತೊಂದರೆಯಿಲ್ಲ ಎಂದು ಅವನೂ ನಂಬಿದ್ದ, ಮನೆಯವರೆಲ್ಲರೂ ನಂಬಿದ್ದೆವು.

ಕಳೆದ ವರ್ಷ ಕಣ್ಣಿನ ಪರೀಕ್ಷೆಗೆಂದು ಹೋದಾಗ, ಅಕ್ಷಿಪಟಲದ ಸಣ್ಣ ರಕ್ತನಾಳಗಳು ಹಾಳಾಗುತ್ತಿರುವುದನ್ನು ಕಂಡ ಕಣ್ಣಿನ ವೈದ್ಯರು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಎಷ್ಟು ಹೋಗುತ್ತಿದೆಯೆಂದು ಎಂದಾದರೂ ನೋಡಿಸಿದ್ದೀರಾ ಎಂದು ಕೇಳಿದರು. ಹನ್ನೊಂದು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವರಲ್ಲಿ ಅವರೇ ಮೊದಲಿಗರು. ಪರೀಕ್ಷೆ ಮಾಡಿಸಿದಾಗ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 640 ಮಿಲಿಗ್ರಾಂ ಆಲ್ಬುಮಿನ್ ಎಂದು ಬಂತು. ಅದು 30ಕ್ಕಿಂತ ಕಡಿಮೆ ಇರಬೇಕು. ಆಮೇಲೆ ಹಳೆಯ ಕಡತವನ್ನು ತೆರೆದು ಕುಳಿತೆವು. ಐದು ವರ್ಷಗಳ ಹಿಂದೆ 0.8 ಇದ್ದ ಕ್ರಿಯಾಟಿನಿನ್ ಮೊದಲು 0.9 ಆಗಿ, ನಂತರ 1.0 ಆಗಿ, ಕೊನೆಗೆ 1.1ಕ್ಕೆ ಬಂದು ನಿಂತಿತ್ತು. ಪ್ರತಿಯೊಂದು ಅಂಕಿಯೂ ಬಿಡಿಬಿಡಿಯಾಗಿ ಸರಿಯಾಗಿತ್ತು. ಆದರೆ ಅವುಗಳನ್ನು ಒಂದರ ಪಕ್ಕ ಒಂದಿಟ್ಟು ಯಾರೂ ಓದಿರಲಿಲ್ಲ. ಸೋಸುವ ಸಾಮರ್ಥ್ಯದ ಅಂದಾಜನ್ನು, ಎಂದರೆ ಇ-ಜಿಎಫ್‌ಆರ್ ಅನ್ನು, ಲೆಕ್ಕ ಹಾಕಿದರೆ ಅದು ಸುಮಾರು 108ರಿಂದ 80ಕ್ಕೆ ಇಳಿದಿತ್ತು.

ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇರುವವರಲ್ಲಿ ಎಷ್ಟೋ ಜನ ನನ್ನ ಅಣ್ಣನಂತೆಯೇ ರಕ್ತವನ್ನು ಮಾತ್ರ ಪರೀಕ್ಷೆ ಮಾಡಿಸಿಕೊಂಡು ನೆಮ್ಮದಿಯಿಂದ ಇರಬಹುದು ಎಂಬ ಆತಂಕ ನನ್ನದು. ದಯವಿಟ್ಟು ನಿಮ್ಮ ವರದಿಗಳಲ್ಲಿ ಮೂತ್ರದ ಆಲ್ಬುಮಿನ್ ಎಂಬ ಸಾಲು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಈ ವಿಷಯ ಬಲ್ಲವರು ಹೆಚ್ಚಿನದನ್ನು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಸೂಕ್ಷ್ಮದರ್ಶಿ:

ಹೊಂಗೆನೆರಳು ಅವರೇ, ನಾನು ಹದಿನಾರು ವರ್ಷಗಳಿಂದ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿದ್ದೇನೆ. ನೀವು ಹೇಳಿದ ಸಂಗತಿಯನ್ನು ನಾನು ಬೇರೆ ಬೇರೆ ಹೆಸರುಗಳ ವರದಿಗಳಲ್ಲಿ ನೋಡುತ್ತಲೇ ಇರುತ್ತೇನೆ.

ಕ್ರಿಯಾಟಿನಿನ್ ಎಂಬುದು ಸ್ನಾಯುಗಳು ಕೆಲಸ ಮಾಡುವಾಗ ಹುಟ್ಟುವ ತ್ಯಾಜ್ಯ. ಆದ್ದರಿಂದ ಸ್ನಾಯು ಹೆಚ್ಚಿರುವವರ ರಕ್ತದಲ್ಲಿ ಅದು ಸಹಜವಾಗಿಯೇ ಹೆಚ್ಚಿರುತ್ತದೆ. ವಯಸ್ಸಾದವರಲ್ಲಿ, ತೆಳ್ಳಗಿನ ಮೈಕಟ್ಟಿನ ಮಹಿಳೆಯರಲ್ಲಿ ಕಡಿಮೆಯಿರುತ್ತದೆ. ಒಂದೇ ಅಂಕಿ ಇಬ್ಬರಲ್ಲಿ ಎರಡು ಅರ್ಥ ಕೊಡುವುದು ಇದರಿಂದಲೇ. ಕ್ರಿಯಾಟಿನಿನ್ 1.3 ಎಂದು ಬಂದಿದೆ ಎಂದುಕೊಳ್ಳಿ. 2021ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ 25 ವರ್ಷದ ಯುವಕನಲ್ಲಿ ಇ-ಜಿಎಫ್‌ಆರ್ ಸುಮಾರು 78 ಆಗುತ್ತದೆ, 65 ವರ್ಷದ ಮಹಿಳೆಯಲ್ಲಿ ಸುಮಾರು 46 ಆಗುತ್ತದೆ. 60ಕ್ಕಿಂತ ಕೆಳಗಿನ ಮಟ್ಟ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದೇ ಪರಿಗಣಿಸಬೇಕು. ಹೀಗಿರುವಾಗ ಕ್ರಿಯಾಟಿನಿನ್ ಅಂಕಿಯನ್ನಷ್ಟೇ ಮುದ್ರಿಸಿ ಇ-ಜಿಎಫ್‌ಆರ್ ಅನ್ನು ಬಿಟ್ಟುಬಿಡುವ ವರದಿ ಅರ್ಧ ಮಾತನ್ನಷ್ಟೇ ಹೇಳಿದಂತೆ.

ಉಳಿದ ಅರ್ಧ ಮೂತ್ರದಲ್ಲಿದೆ. ಪ್ರತಿ ಮೂತ್ರಪಿಂಡದಲ್ಲಿ ನೆಫ್ರಾನ್ ಎಂಬ ಸೂಕ್ಷ್ಮ ಸೋಸುಘಟಕಗಳು ಸರಾಸರಿ ಹತ್ತು ಲಕ್ಷದಷ್ಟಿರುತ್ತವೆ, ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಹೆಚ್ಚುಕಡಿಮೆ ಎಲ್ಲವನ್ನೂ ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸುತ್ತವೆ. ಆ ಸೋಸುಪರದೆ ಚೆನ್ನಾಗಿರುವ ತನಕ ಆಲ್ಬುಮಿನ್ ಎಂಬ ಪ್ರೋಟೀನು ಅದನ್ನು ದಾಟುವುದಿಲ್ಲವೆಂದೇ ಹೇಳಬಹುದು. ಪರದೆ ಹರಿಯತೊಡಗಿದಾಗ ಮೊದಲು ಜಿನುಗುವುದು ಅದೇ. ಆ ಹೊತ್ತಿನಲ್ಲಿ ಹಾಳಾಗದ ನೆಫ್ರಾನ್‌ಗಳು ಹಾಳಾದವುಗಳ ಕೆಲಸವನ್ನೂ ತಮ್ಮ ಮೇಲೆ ಹೊತ್ತುಕೊಳ್ಳುತ್ತವೆಯಾದ್ದರಿಂದ ರಕ್ತದ ಕ್ರಿಯಾಟಿನಿನ್ ಏರುವುದೇ ಇಲ್ಲ. ಸಾಮರ್ಥ್ಯದ ಅರ್ಧದಷ್ಟು ಕಳೆದುಹೋದ ಮೇಲೂ ಅದು ಸಾಮಾನ್ಯ ಮಿತಿಯೊಳಗೇ ಇರುವುದುಂಟು.

ಮಾದರಿ ಕೊಡುವಾಗ ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಕಠಿಣ ವ್ಯಾಯಾಮ, ಇವು ಆಲ್ಬುಮಿನ್ ಪ್ರಮಾಣವನ್ನು ತಾತ್ಕಾಲಿಕವಾಗಿ ಏರಿಸಬಲ್ಲವು. ಆದ್ದರಿಂದ ಒಂದು ಬಾರಿ ಹೆಚ್ಚು ಬಂದರೆ ಗಾಬರಿಯಾಗದೆ ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಕಾಗದದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷೆಯಲ್ಲಿ ಪ್ರೋಟೀನು ಕಾಣಲಿಲ್ಲ ಎಂಬುದನ್ನೇ ನಂಬಬೇಡಿ. ಆರಂಭದ ಅಲ್ಪ ಪ್ರಮಾಣದ ಸೋರಿಕೆ ಆ ಪಟ್ಟಿಗೆ ಸಿಗುವುದಿಲ್ಲ.

ಗುಬ್ಬಿಗೂಡು:

ನನಗೆ ರಕ್ತದೊತ್ತಡವಿದೆ, ಎಂಟು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆದರೆ ಸೊಂಟದ ಹಿಂಭಾಗದಲ್ಲಿ ನೋವಿಲ್ಲ, ಮೂತ್ರ ಸರಾಗವಾಗಿ ಆಗುತ್ತದೆ, ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯುತ್ತೇನೆ. ಇಷ್ಟಿದ್ದರೂ ನಾನು ಈ ಪರೀಕ್ಷೆ ಮಾಡಿಸಬೇಕೇ? ಲಕ್ಷಣಗಳೇ ಇಲ್ಲದವರು ಏಕೆ ಹೆದರಬೇಕು ಎಂಬುದು ನನ್ನ ಪ್ರಾಮಾಣಿಕ ಸಂದೇಹ.

ನಾಲ್ಕುಗಂಟೆ:

ಗುಬ್ಬಿಗೂಡು ಅವರೇ, ನಾನು ಡಯಾಲಿಸಿಸ್ ಘಟಕದಲ್ಲಿ ದಾದಿಯಾಗಿ ಕೆಲಸ ಮಾಡುತ್ತೇನೆ. ನೀವು ಕೇಳಿದ ಪ್ರಶ್ನೆಯನ್ನೇ ನಮ್ಮಲ್ಲಿಗೆ ಬರುವವರು ಮೊದಲ ದಿನ ಕೇಳುತ್ತಾರೆ, ಆದರೆ ಬೇರೆ ರೀತಿಯಲ್ಲಿ: “ನನಗೆ ನೋವೇ ಇರಲಿಲ್ಲವಲ್ಲ ಸಿಸ್ಟರ್, ಮೂತ್ರವೂ ಚೆನ್ನಾಗಿಯೇ ಆಗುತ್ತಿತ್ತಲ್ಲ” ಎಂದು. ಆ ಮಾತನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವರು ಹೇಳುವುದು ನಿಜ. ಮೂತ್ರಪಿಂಡದಲ್ಲಿ ಕಲ್ಲಿದ್ದರೆ ಅಥವಾ ಸೋಂಕಿದ್ದರೆ ನೋವು ಬರುತ್ತದೆ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ನೆಫ್ರಾನ್‌ಗಳು ಒಂದೊಂದಾಗಿ ಸಾಯುವಾಗ ನೋವು ಬರುವುದಿಲ್ಲ. ಮೂತ್ರದ ಪ್ರಮಾಣವೂ ಬಹಳ ಕಾಲ ಕಡಿಮೆಯಾಗುವುದಿಲ್ಲ. ಮೂತ್ರ ಆಗುತ್ತಿದೆ ಎಂದರೆ ನೀರು ಹೊರಗೆ ಹೋಗುತ್ತಿದೆ ಎಂದಷ್ಟೇ ಅರ್ಥ, ತ್ಯಾಜ್ಯವೂ ಹೋಗುತ್ತಿದೆ ಎಂದಲ್ಲ.

ಕಾಲು ಮತ್ತು ಮುಖದ ಊತ, ಮೈ ತುರಿಕೆ, ಊಟ ಸೇರದಿರುವುದು, ಬೆಳಗ್ಗೆ ವಾಕರಿಕೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಇವೆಲ್ಲ ಬಹಳ ತಡವಾಗಿ ಕಾಣಿಸಿಕೊಳ್ಳುತ್ತವೆ. ಸುಸ್ತು ಬಂದಾಗ ರಕ್ತಹೀನತೆ ಎಂದುಕೊಂಡು ಕಬ್ಬಿಣಾಂಶದ ಮಾತ್ರೆ ನುಂಗುತ್ತಾ ಹಲವು ತಿಂಗಳು ಕಳೆದವರನ್ನು ನೋಡಿದ್ದೇನೆ. ಅವರಿಗೆ ರಕ್ತಹೀನತೆ ಇದ್ದದ್ದು ನಿಜವೇ. ಆದರೆ ರಕ್ತಕಣಗಳನ್ನು ಉತ್ಪಾದಿಸುವಂತೆ ಮೂಳೆಯ ಮಜ್ಜೆಗೆ ಸೂಚನೆ ಕೊಡುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ತಯಾರಾಗುವುದು ಮುಖ್ಯವಾಗಿ ಮೂತ್ರಪಿಂಡದಲ್ಲಿ. ಅದು ಸೊರಗಿದ್ದರಿಂದಲೇ ರಕ್ತ ಕಡಿಮೆಯಾಗಿತ್ತು.

ನೀರಿನ ವಿಷಯಕ್ಕೆ ಬರುತ್ತೇನೆ. ಕಲ್ಲು ಪದೇ ಪದೇ ಆಗುವವರಿಗೆ ಹೆಚ್ಚು ನೀರು ಕುಡಿಯುವುದರಿಂದ ಖಂಡಿತ ಪ್ರಯೋಜನವಿದೆ. ಆದರೆ ಆಗಲೇ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಹೆಚ್ಚು ನೀರು ಕುಡಿಯುವಂತೆ ಒಂದು ವರ್ಷ ಪ್ರೋತ್ಸಾಹಿಸಿ ನೋಡಿದ, ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆ ಮುಂದುವರಿಯುವ ವೇಗ ಅದರಿಂದ ಕಡಿಮೆಯಾಗಲಿಲ್ಲ. ನೀರು ಮೂತ್ರಪಿಂಡವನ್ನು ತೊಳೆದು ಸ್ವಚ್ಛಗೊಳಿಸುತ್ತದೆ ಎಂಬ ನಂಬಿಕೆ ಆಳವಾಗಿ ಬೇರೂರಿದೆ, ಅದರಿಂದ ಆಗುವ ನಿಜವಾದ ಹಾನಿಯೆಂದರೆ ನೀರು ಕುಡಿಯುತ್ತಿದ್ದೇನಲ್ಲ ಎಂದು ಜನ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ.

ಇನ್ನು ನೋವಿನ ಮಾತ್ರೆಗಳು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಪ್ಪಿಸಬಹುದಾಗಿದ್ದ ಹಾನಿಯನ್ನು ನಾನು ಹೆಚ್ಚಾಗಿ ಕಂಡಿರುವುದು ಇಲ್ಲಿಯೇ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಗುಂಪಿನ ಮಾತ್ರೆಗಳು, ನೆಫ್ರಾನ್‌ಗೆ ರಕ್ತ ತರುವ ಸಣ್ಣ ನಾಳವನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ತಡೆಯುತ್ತವೆ. ಆರೋಗ್ಯವಂತರು ಎಂದೋ ಒಮ್ಮೆ ಒಂದೆರಡು ದಿನ ನುಂಗಿದರೆ ಸಾಮಾನ್ಯವಾಗಿ ತೊಂದರೆಯಾಗದು. ಆದರೆ ಮಂಡಿನೋವಿಗೆಂದು ತಾವಾಗಿಯೇ ಖರೀದಿಸಿ ದಿನವೂ ನುಂಗುವವರು, ಅದರಲ್ಲೂ ರಕ್ತದೊತ್ತಡಕ್ಕೆಂದು ರ‍್ಯಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರುವವರು, ವಾಂತಿಭೇದಿಯಾಗಿ ಮೈಯಲ್ಲಿ ನೀರು ಬತ್ತಿದ ಹೊತ್ತಿನಲ್ಲಿ ನೋವಿನ ಮಾತ್ರೆಯನ್ನೂ ಸೇರಿಸಿಕೊಂಡರೆ, ಒಂದೆರಡು ದಿನಗಳಲ್ಲಿಯೇ ಮೂತ್ರಪಿಂಡ ಕೈಕೊಡಬಹುದು. ಅದು ಚೇತರಿಸಿಕೊಳ್ಳಬಹುದು, ಪೂರ್ತಿಯಾಗಿ ಚೇತರಿಸಿಕೊಳ್ಳದೆಯೂ ಇರಬಹುದು. ವಾಂತಿಭೇದಿಯ ದಿನಗಳಲ್ಲಿ ಯಾವ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂದು ಆರೋಗ್ಯವಾಗಿರುವಾಗಲೇ ನಿಮ್ಮ ವೈದ್ಯರಿಂದ ಬರೆಸಿಟ್ಟುಕೊಳ್ಳಿ.

ನನ್ನ ಹೆಸರಿನ ಅರ್ಥ ಕೆಲವರಿಗೆ ಹೊಳೆದಿರಬಹುದು. ಒಂದು ಡಯಾಲಿಸಿಸ್ ಅವಧಿ ಸುಮಾರು ನಾಲ್ಕು ಗಂಟೆ, ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ. ನಿಮ್ಮ ಮೂತ್ರಪಿಂಡಗಳು ವಾರದ 168 ಗಂಟೆಗಳೂ ಬಿಡುವಿಲ್ಲದೆ ಮಾಡುವ ಕೆಲಸದ ಒಂದು ಸಣ್ಣ ಭಾಗವನ್ನು ನಮ್ಮ ಯಂತ್ರ ಹನ್ನೆರಡು ಗಂಟೆಗಳಲ್ಲಿ ಮಾಡುತ್ತದೆ. ನೆದರ್‌ಲೆಂಡ್ಸ್‌ನ ವಿಲೆಮ್ ಕೋಲ್ಫ್ ಅವರು 1943ರಲ್ಲಿ, ಯುದ್ಧದ ನಡುವೆ, ಸಿಕ್ಕಿದ ಸಾಮಗ್ರಿಗಳಿಂದಲೇ ಈ ಯಂತ್ರದ ಮೊದಲ ರೂಪವನ್ನು ಕಟ್ಟದಿದ್ದರೆ ನಮ್ಮಲ್ಲಿಗೆ ಬರುವ ಎಷ್ಟೋ ಜನ ಇಂದು ಬದುಕಿರುತ್ತಿರಲಿಲ್ಲ. ಡಯಾಲಿಸಿಸ್ ಎಂದರೆ ಬದುಕು ಮುಗಿಯಿತು ಎಂದು ಯಾರೂ ತಿಳಿಯಬಾರದು. ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಓದಿಸುವವರು ನಮ್ಮಲ್ಲಿದ್ದಾರೆ. ಆದರೆ ಒಂದು ಮೂತ್ರ ಪರೀಕ್ಷೆಯಿಂದ ಹತ್ತು ವರ್ಷ ಮುಂದಕ್ಕೆ ಹಾಕಬಹುದಾಗಿದ್ದ ದಿನವನ್ನು ಇಂದೇ ಎದುರಿಸುವ ಅಗತ್ಯ ಅವರಲ್ಲಿ ಹಲವರಿಗೆ ಇರಲಿಲ್ಲ.

ನೇರನುಡಿ:

ಎಲ್ಲರೂ ಒಂದೇ ದಿಕ್ಕಿನಲ್ಲಿ ಮಾತನಾಡುತ್ತಿರುವುದರಿಂದ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ನನ್ನ ತಂದೆಗೆ 79 ವರ್ಷ. ದಿನವೂ ನಡೆಯುತ್ತಾರೆ, ಓದುತ್ತಾರೆ, ಯಾವ ತೊಂದರೆಯೂ ಇಲ್ಲ. ಯಾವುದೋ ಪರೀಕ್ಷೆಯಲ್ಲಿ ಇ-ಜಿಎಫ್‌ಆರ್ 56 ಎಂದು ಬಂದದ್ದೇ ತಡ, ಅವರಿಗೆ ಮೂತ್ರಪಿಂಡದ ಕಾಯಿಲೆಯ ಮೂರನೆಯ ಹಂತ ಎಂದು ಹೇಳಲಾಯಿತು. ನಾಲ್ಕು ತಿಂಗಳು ನಿದ್ದೆಯಿಲ್ಲದೆ ಕಳೆದರು. ಅಷ್ಟೂ ಕಾಲ ಅವರ ಮೂತ್ರದಲ್ಲಿ ಆಲ್ಬುಮಿನ್ ಇರಲಿಲ್ಲ, ಅಂಕಿ ಇಂದಿಗೂ 55ರ ಆಸುಪಾಸಿನಲ್ಲೇ ಇದೆ. ಎಲ್ಲರೂ ಪರೀಕ್ಷೆ ಮಾಡಿಸಿ ಎಂದು ಕೂಗುವುದರಿಂದ ಆರೋಗ್ಯವಂತರನ್ನು ರೋಗಿಗಳನ್ನಾಗಿ ಮಾಡುವುದಿಲ್ಲವೇ?

ಹಳೆಯ ಓಪಿಡಿ ಚೀಟಿ:

ನೇರನುಡಿ ಅವರ ಆಕ್ಷೇಪ ನ್ಯಾಯವಾದುದು. ನಾನು ಸಾಮಾನ್ಯ ವೈದ್ಯ. ವಯಸ್ಸಾದಂತೆ ಸೋಸುವ ಸಾಮರ್ಥ್ಯ ನಿಧಾನವಾಗಿ ಇಳಿಯುವುದು ಸಹಜ. ಎಪ್ಪತ್ತು ದಾಟಿದವರಲ್ಲಿ, ಆಲ್ಬುಮಿನ್ ಸೋರಿಕೆಯಿಲ್ಲದೆ, ಸ್ಥಿರವಾಗಿ 50ರ ಮೇಲೆ ನಿಂತಿರುವ ಇ-ಜಿಎಫ್‌ಆರ್ ಅನ್ನು ರೋಗವೆಂದು ಕರೆಯಬೇಕೇ ಎಂಬ ವಾದ ವೈದ್ಯರ ನಡುವೆಯೂ ಇದೆ. ನಿಮ್ಮ ತಂದೆಯವರಿಗೆ ಹಂತದ ಸಂಖ್ಯೆಯನ್ನಷ್ಟೇ ಹೇಳಿ ಅದರ ಅರ್ಥವನ್ನು ಹೇಳದೇ ಹೋದದ್ದು ತಪ್ಪು.

ಆದರೆ ನೀವು ಕೊಟ್ಟ ಉದಾಹರಣೆಯೇ ಹೊಂಗೆನೆರಳು ಅವರ ಮಾತನ್ನು ಸಮರ್ಥಿಸುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. 56 ಇದ್ದೂ ಆಲ್ಬುಮಿನ್ ಇಲ್ಲದ ನಿಮ್ಮ ತಂದೆಗಿಂತ, 80 ಇದ್ದೂ 640ರಷ್ಟು ಸೋರಿಕೆಯಿರುವ ಅವರ ಅಣ್ಣನ ಸ್ಥಿತಿ ಹೆಚ್ಚು ಗಂಭೀರವಾದದ್ದು. ರಕ್ತ ಪರೀಕ್ಷೆಯೊಂದನ್ನೇ ನೋಡಿದ್ದರೆ ನಾವು ಒಬ್ಬರನ್ನು ಸುಮ್ಮನೆ ಹೆದರಿಸುತ್ತಿದ್ದೆವು, ಇನ್ನೊಬ್ಬರಿಗೆ ಸುಮ್ಮನೆ ಧೈರ್ಯ ಹೇಳುತ್ತಿದ್ದೆವು. ಸೋರಿಕೆ ಹೆಚ್ಚಿದಷ್ಟೂ ಮೂತ್ರಪಿಂಡಕ್ಕೆ ಮಾತ್ರವಲ್ಲ, ಹೃದಯಕ್ಕೂ ಅಪಾಯ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಡಯಾಲಿಸಿಸ್ ಹಂತ ತಲುಪುವವರಿಗಿಂತ, ಅದಕ್ಕೆ ಮೊದಲೇ ಹೃದಯಾಘಾತದಂತಹ ಕಾರಣಗಳಿಂದ ತೀರಿಕೊಳ್ಳುವವರೇ ಹೆಚ್ಚು.

ಎಲ್ಲರಿಗೂ ಪರೀಕ್ಷೆ ಬೇಕು ಎಂದು ನಾನೂ ಹೇಳುವುದಿಲ್ಲ. ವಯಸ್ಕರಲ್ಲಿ ಕಾಣಿಸಿಕೊಳ್ಳುವ ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ಬೇಕು, ಏಕೆಂದರೆ ಪತ್ತೆಯಾಗುವ ಮೊದಲೇ ಅದು ಮೈಯಲ್ಲಿ ಕೆಲವು ವರ್ಷ ಇದ್ದಿರಬಹುದು. ರಕ್ತದೊತ್ತಡ ಅಥವಾ ಹೃದ್ರೋಗ ಇರುವವರು, ಹಿಂದೊಮ್ಮೆ ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಬಿದ್ದು ಚೇತರಿಸಿಕೊಂಡವರು, ಮನೆತನದಲ್ಲಿ ಮೂತ್ರಪಿಂಡದ ಕಾಯಿಲೆ ಕಂಡವರು ಮಾಡಿಸಿಕೊಳ್ಳಬೇಕು. ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಹೋಗಿದ್ದ ಮಹಿಳೆಯರನ್ನು ನಾವು ಹೆರಿಗೆಯಾದ ಮೇಲೆ ಮರೆತೇಬಿಡುತ್ತೇವೆ. ಅವರೂ ಈ ಪಟ್ಟಿಯಲ್ಲಿರಬೇಕು.

ಒಬ್ಬ ವೈದ್ಯನಾಗಿ ಒಪ್ಪಿಕೊಳ್ಳಬೇಕಾದ ಮಾತೂ ಇದೆ. ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿಯೇ ಮೈಯ ಊತಕ್ಕೂ ಮೂತ್ರದ ಆಲ್ಬುಮಿನ್‌ಗೂ ಹಾಳಾದ ಮೂತ್ರಪಿಂಡಕ್ಕೂ ಇರುವ ನಂಟನ್ನು ಬರೆದಿಟ್ಟರು. ಆ ಕಾಲದಲ್ಲಿ ಚಮಚದಲ್ಲಿ ಮೂತ್ರವನ್ನಿಟ್ಟು ದೀಪದ ಮೇಲೆ ಕಾಯಿಸಿ, ಆಲ್ಬುಮಿನ್ ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಚಮಚದಲ್ಲಿ ನೋಡುತ್ತಿದ್ದುದನ್ನು, ಇಷ್ಟೆಲ್ಲ ಸೌಲಭ್ಯಗಳಿರುವ ನಾನು, ವೃತ್ತಿಯ ಮೊದಲ ವರ್ಷಗಳಲ್ಲಿ ನನ್ನ ಎಷ್ಟೋ ರೋಗಿಗಳಿಗೆ ಬರೆದುಕೊಡಲಿಲ್ಲ. ಆಗ ಸಕ್ಕರೆಯ ಅಂಕಿಯ ಮೇಲೆಯೇ ನನ್ನ ಕಣ್ಣಿತ್ತು.

ತುಂಬೆಹೂ:

ನನ್ನದು ಬೇರೆ ದಾರಿ. ನನಗೆ ಸಕ್ಕರೆ ಕಾಯಿಲೆಯೂ ಇಲ್ಲ, ಇದ್ದದ್ದು ಅನುವಂಶೀಯ ಕಾಯಿಲೆ. ಮೂತ್ರಪಿಂಡದ ತುಂಬ ನೀರುಗುಳ್ಳೆಗಳು ಬೆಳೆಯುತ್ತಾ ಹೋಗುತ್ತವೆ. ಅಮ್ಮನಿಗೆ ಇತ್ತು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು ಎಂದು ನಮಗೆ ತಿಳಿದದ್ದು ಅಮ್ಮ ಡಯಾಲಿಸಿಸ್‌ಗೆ ಹೋದ ಮೇಲೆ. 31ನೆಯ ವಯಸ್ಸಿನಲ್ಲಿ ಸ್ಕ್ಯಾನ್ ಮಾಡಿಸಿದೆ, ಗುಳ್ಳೆಗಳು ಕಂಡವು, ತಂಗಿಗೆ ಕಾಣಲಿಲ್ಲ. ರಕ್ತದೊತ್ತಡವನ್ನು ಅಂದಿನಿಂದಲೇ ಹತೋಟಿಯಲ್ಲಿಟ್ಟುಕೊಂಡಿದ್ದೇನೆ.

ಸಣ್ಣದೊಂದು ಸಲಹೆ. ಕಾಯಿಲೆ ಮುಂದುವರಿಯುತ್ತಿದೆ ಎಂದು ತಿಳಿದವರು ರಕ್ತ ತೆಗೆಯುವವರಿಗೆ, ಸಲೈನ್ ಹಾಕುವವರಿಗೆ, ಸಾಧ್ಯವಾದಾಗಲೆಲ್ಲ ಅಂಗೈಯ ಹಿಂಭಾಗದ ನರವನ್ನೇ ಬಳಸುವಂತೆ ಕೇಳಿಕೊಳ್ಳಿ. ಮುಂದೆ ಡಯಾಲಿಸಿಸ್ ಬೇಕಾದರೆ ಮುಂಗೈಯ ನರವನ್ನು ಅಪಧಮನಿಗೆ ಜೋಡಿಸಿ, ಯಂತ್ರಕ್ಕೆ ರಕ್ತ ಕೊಡುವ ಫಿಸ್ಟುಲಾ ಎಂಬ ದಾರಿಯನ್ನು ಮಾಡಬೇಕಾಗುತ್ತದೆ, ಅದು ಬಳಕೆಗೆ ಸಿದ್ಧವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಅಮ್ಮನ ನರಗಳೆಲ್ಲ ಅಷ್ಟರಲ್ಲಿ ಚುಚ್ಚಿಸಿಕೊಂಡು ಹಾಳಾಗಿದ್ದವು.

ಒಂದೇ ಸಾಕು:

ನಾನು ಆರು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಮೂತ್ರಪಿಂಡ ಕೊಟ್ಟವನು. ಉಳಿದ ಒಂದು ಮೂತ್ರಪಿಂಡ ತನ್ನ ಕೆಲಸವನ್ನು ಹೆಚ್ಚಿಸಿಕೊಂಡಿದೆ, ನಾನು ಚೆನ್ನಾಗಿದ್ದೇನೆ, ವರ್ಷಕ್ಕೊಮ್ಮೆ ಎರಡೂ ಪರೀಕ್ಷೆ ತಪ್ಪಿಸುವುದಿಲ್ಲ. ಕೊಡುವ ಮೊದಲು ನಡೆದ ತಪಾಸಣೆಯಲ್ಲಿ, ಮೊದಲು ಮುಂದೆ ಬಂದಿದ್ದ ನಮ್ಮ ಭಾವನವರ ಮೂತ್ರದಲ್ಲಿ ಆಲ್ಬುಮಿನ್ ಕಂಡು ಅವರನ್ನು ಕೈಬಿಟ್ಟರು. ಅವರಿಗೆ ಆ ವಿಷಯ ತಿಳಿದದ್ದೇ ಹಾಗೆ.

ಗುಬ್ಬಿಗೂಡು:

ನಾಲ್ಕುಗಂಟೆ ಅವರಿಗೆ ಧನ್ಯವಾದಗಳು. ಇನ್ನೊಂದು ಕೇಳಬೇಕಿತ್ತು. ಗಿಡಮೂಲಿಕೆಯಿಂದ ಮೂತ್ರಪಿಂಡವನ್ನು ಶುದ್ಧೀಕರಿಸುವ ಪುಡಿಯನ್ನು ಪರಿಚಿತರೊಬ್ಬರು ಕೊಟ್ಟಿದ್ದಾರೆ. ಸಸ್ಯದಿಂದ ಮಾಡಿದ್ದರಿಂದ ಹಾನಿಯಿಲ್ಲ ಎನ್ನುತ್ತಾರೆ.

ಹಳೆಯ ಓಪಿಡಿ ಚೀಟಿ:

ದಯವಿಟ್ಟು ತೆಗೆದುಕೊಳ್ಳಬೇಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಮೂಲಿಕೆಗಳಿದ್ದ ಮಾತ್ರೆಗಳನ್ನು ತೆಗೆದುಕೊಂಡ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಒಂದು ಮೂಲಿಕೆಯ ಬದಲಿಗೆ ಅರಿಸ್ಟೊಲೋಕಿಯಾ ಎಂಬ ಜಾತಿಯ ಗಿಡ ಬೆರೆತದ್ದು ಅದಕ್ಕೆ ಕಾರಣ. ಅವರಲ್ಲಿ ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಎಲ್ಲ ಮೂಲಿಕೆಗಳೂ ವಿಷವೆಂದು ನಾನು ಹೇಳುತ್ತಿಲ್ಲ. ಪುಡಿಯೊಳಗೆ ಏನಿದೆ, ಎಷ್ಟಿದೆ, ಯಾವ ಲೋಹ ಬೆರೆತಿದೆ ಎಂದು ಕೊಟ್ಟವರಿಗೂ ತಿಳಿಯದಿರುವಾಗ, ನಿಮ್ಮ ಮೂತ್ರಪಿಂಡ ಅದನ್ನು ಪರೀಕ್ಷಿಸುವ ಜಾಗವಾಗಬಾರದು.

ಹೊಂಗೆನೆರಳು:

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಅಣ್ಣನ ಮುಂದಿನ ಕಥೆಯನ್ನು ತಿಳಿಸುತ್ತೇನೆ. ಆಲ್ಬುಮಿನ್ ಸೋರಿಕೆ ತಿಳಿದ ವಾರವೇ ಅವನಿಗೆ ಟೆಲ್ಮಿಸಾರ್ಟನ್ ಆರಂಭಿಸಿದರು, ಕೆಲವು ವಾರಗಳ ನಂತರ ಡಪಾಗ್ಲಿಫ್ಲೋಜಿನ್ ಸೇರಿಸಿದರು. ಸಕ್ಕರೆ ಇಳಿಸಲೆಂದು ಬಂದ ಈ ಎರಡನೆಯ ಔಷಧ, ಸಕ್ಕರೆ ಕಾಯಿಲೆ ಇಲ್ಲದವರಲ್ಲಿಯೂ ಮೂತ್ರಪಿಂಡದ ಹಾನಿಯನ್ನು ನಿಧಾನಗೊಳಿಸುತ್ತದೆ ಎಂಬುದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತಿಳಿಯಿತೆಂದು ವೈದ್ಯರು ವಿವರಿಸಿದರು. ಮಾತ್ರೆ ಆರಂಭಿಸಿದಾಗ ಕ್ರಿಯಾಟಿನಿನ್ ತುಸು ಏರಿದ್ದನ್ನು ನೋಡಿ ನಾವು ಗಾಬರಿಯಾದೆವು. ನೆಫ್ರಾನ್‌ಗಳ ಒಳಗಿನ ಒತ್ತಡ ಇಳಿದಾಗ ಹಾಗೆ ಆಗುವುದು ನಿರೀಕ್ಷಿತ, 30 ಪ್ರತಿಶತಕ್ಕಿಂತ ಹೆಚ್ಚು ಏರಿದರೆ ಮಾತ್ರ ಕಾರಣ ಹುಡುಕಬೇಕು ಎಂದು ಅವರು ಮೊದಲೇ ಹೇಳಿದ್ದರಿಂದ ಅಣ್ಣ ಮಾತ್ರೆ ನಿಲ್ಲಿಸಲಿಲ್ಲ. ಹನ್ನೊಂದು ತಿಂಗಳ ನಂತರ ಅನುಪಾತ 640ರಿಂದ 210ಕ್ಕೆ ಇಳಿದಿದೆ.

ಉಪ್ಪನ್ನು ದಿನಕ್ಕೆ 5 ಗ್ರಾಂ ಒಳಗೆ ತರುವುದು ಅವನಿಗೆ ಮಾತ್ರೆಗಳಿಗಿಂತ ಕಷ್ಟವಾಯಿತು. ನಡುವೆ ಸೋಡಿಯಂ ಕಡಿಮೆಯಿರುವ ಉಪ್ಪನ್ನು ತರಲು ಹೊರಟಿದ್ದೆ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡ ಕುಗ್ಗಿದವರಲ್ಲಿ ಮತ್ತು ಈ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ರಕ್ತದಲ್ಲಿ ಸೇರಿಕೊಂಡು ಹೃದಯದ ಬಡಿತವನ್ನೇ ಕೆಡಿಸಬಹುದು ಎಂದು ತಿಳಿದು ಬಿಟ್ಟೆ.

ನೇರನುಡಿ:

ನನ್ನ ಆಕ್ಷೇಪಕ್ಕೆ ಸಿಕ್ಕಿದ ಉತ್ತರವನ್ನು ತಂದೆಗೆ ಓದಿ ಹೇಳಿದೆ. ಎರಡು ಬಾರಿ ಓದಿಸಿಕೊಂಡರು. ಆಮೇಲೆ ನನ್ನನ್ನೇ ಕೇಳಿದರು, “ನಿನಗೂ ಬಿ.ಪಿ. ಇದೆಯಲ್ಲ, ನಿನ್ನ ಆಲ್ಬುಮಿನ್ ಎಷ್ಟು?” ಎಂದು. ನನ್ನ ಬಳಿ ಇದ್ದ ನಾಲ್ಕು ವರ್ಷಗಳ ವರದಿಗಳಲ್ಲಿ ಆ ಸಾಲು ಇರಲಿಲ್ಲ. ಸೂಕ್ಷ್ಮದರ್ಶಿ ಅವರೇ, ಈ ಮೂತ್ರ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಸೂಕ್ಷ್ಮದರ್ಶಿ:

ಬೇಕಿಲ್ಲ. ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರದ ಮೊದಲ ಭಾಗವನ್ನು ಬಿಟ್ಟು ನಡುವಿನದನ್ನು ಶುದ್ಧವಾದ ಡಬ್ಬಿಯಲ್ಲಿ ಹಿಡಿದು ಆದಷ್ಟು ಬೇಗ ತಲುಪಿಸಿ. ಡಬ್ಬಿಯನ್ನು ಹಿಂದಿನ ದಿನವೇ ಪ್ರಯೋಗಾಲಯದಿಂದ ಕೇಳಿ ಪಡೆದುಕೊಳ್ಳಿ.